ನೆಲ ಬಿಡಿಸಿ, ಗೋಡೆ ಬಳಸಿ: ಸಣ್ಣ ಮನ್ಯಾಗ ಜಾಗಾ ಮಾಡೋದು ಹೆಂಗ?

ಮಳೆ ಹಿಂದೆ ಸರಿದು ಮಹಾನವಮಿ ಹತ್ತಿರ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಓಣಿ ಓಣಿಯಲ್ಲೂ ಒಂದೇ ಕೆಲಸ. ಕೌದಿ, ಚಾದರ, ಜಮಖಾನ ಒಗೆದು ಮಾಳಿಗೆ ಮೇಲೆ ಒಣಹಾಕುತ್ತಾರೆ. ಅಡುಗೆ ಮನೆಯ ಡಬ್ಬಿಗಳು ಅಂಗಳಕ್ಕೆ ಬರುತ್ತವೆ. ವರ್ಷವಿಡೀ ಮುಚ್ಚಿದ್ದ ಟ್ರಂಕಿಗೂ ಬಿಸಿಲು ಕಾಣುವ ಭಾಗ್ಯ. ಎರಡು ದಿನ ತೊಳೆದು, ಒರೆಸಿ, ಸುಣ್ಣ ಹೊಡೆದು ಮುಗಿದ ಮೇಲೆ ಎಲ್ಲ ಸಾಮಾನು ಮತ್ತೆ ಅದೇ ಮೂಲೆಗೆ ಹೋಗಿ ಕೂರುತ್ತದೆ. ಹದಿನೈದು ದಿನ ಕಳೆಯುವುದರೊಳಗೆ ಮನೆಯಲ್ಲಿ ಹಳೇ ಮಾತು ಶುರು: ‘ಇಡಾಕ ಜಾಗಾನ ಇಲ್ಲ.’

ಜಾಗ ಕಡಿಮೆ ಇರುವುದು ನಿಜ. ಒಂದು ಪಡಸಾಲೆ, ಒಂದು ಅಡುಗೆ ಮನೆ, ಹಿಂದೆ ಬಚ್ಚಲು. ಇಷ್ಟರಲ್ಲೇ ನಾಲ್ಕೈದು ಜನ, ವರ್ಷದ ಜೋಳ, ಮಕ್ಕಳ ಪುಸ್ತಕ, ಗ್ಯಾಸ್ ಸಿಲಿಂಡರ್, ನೀರಿನ ಡ್ರಮ್ಮು, ಬೈಕಿನ ಹೆಲ್ಮೆಟ್ಟು, ಮದುವೆಯಲ್ಲಿ ಬಂದ ಪಾತ್ರೆ ಎಲ್ಲವೂ ಇರಬೇಕು. ಇಂಥ ಮನೆಯಲ್ಲಿ ಅಚ್ಚುಕಟ್ಟು ಎಂದರೆ ಬರೀ ಚೆಂದದ ಮಾತಲ್ಲ. ಡ್ರಮ್ಮು ಎಲ್ಲಿದೆ ಅನ್ನುವುದರ ಮೇಲೆ ಸೊಳ್ಳೆ ಕಾಟ ನಿಂತಿದೆ. ಸಿಲಿಂಡರ್ ಎಲ್ಲಿದೆ ಅನ್ನುವುದರ ಮೇಲೆ ಜೀವ ನಿಂತಿದೆ. ಜೋಳದ ಚೀಲ ಎಲ್ಲಿದೆ ಅನ್ನುವುದರ ಮೇಲೆ ವರ್ಷದ ಊಟ ನಿಂತಿದೆ.

ಹೆಚ್ಚಿನವರು ಮಾಡುವುದು ಏನೆಂದರೆ, ಜಾಗ ಸಾಲದು ಅನಿಸಿದ ಕೂಡಲೇ ದುರ್ಗದಬೈಲ್‌ಗೋ ಸುಭಾಸ ರಸ್ತೆಗೋ ಹೋಗಿ ಒಂದು ಪ್ಲಾಸ್ಟಿಕ್ ರ್‍ಯಾಕ್ ತರುವುದು. ಆ ರ್‍ಯಾಕ್ ಮತ್ತೆರಡು ಚದರಡಿ ನೆಲ ತಿನ್ನುತ್ತದೆ. ಕೆಲಸದ ಕ್ರಮ ತಿರುವಿದರೆ ಖರ್ಚೂ ಉಳಿಯುತ್ತದೆ, ಜಾಗವೂ ಸಿಗುತ್ತದೆ. ಮೊದಲು ಬೇಡದ್ದು ತೆಗೆಯಬೇಕು, ಆಮೇಲೆ ನೆಲದ ಮೇಲಿರುವುದನ್ನು ಎತ್ತಬೇಕು, ಆಮೇಲೆ ಜೋಡಿಸಬೇಕು. ಸಿಂಗಾರ, ಖರೀದಿ ಎಲ್ಲ ಕೊನೆಗೆ.

ಹಳೇ ಮನಿ ಕಲಿಸೋ ಪಾಠ

ಧಾರವಾಡ ಸೀಮೆಯ ಹಳೇ ಮಣ್ಣಿನ ಮನೆಗಳನ್ನು ನೋಡಿದವರಿಗೆ ಇದು ಗೊತ್ತು. ಅಲ್ಲಿ ಕಪಾಟುಗಳು ಬಹಳ ಇರುತ್ತಿರಲಿಲ್ಲ. ದಪ್ಪ ಗೋಡೆಯಲ್ಲೇ ಮಾಡ ಬಿಟ್ಟಿರುತ್ತಿದ್ದರು. ದೀಪ, ಎಣ್ಣೆ ಬಾಟಲಿ, ಕನ್ನಡಿ, ಬಾಚಣಿಕೆ ಅದರಲ್ಲಿ. ಕಂಬಕ್ಕೂ ಗೋಡೆಗೂ ಕಟ್ಟಿಗೆಯ ಗೂಟ. ರುಮಾಲು, ಚೀಲ, ಹಗ್ಗ ಅದಕ್ಕೆ. ಹಾಲು-ಮೊಸರಿನ ಗಡಿಗೆ ಬೆಕ್ಕಿಗೆ ಸಿಗದಂತೆ ಜಂತಿಗೆ ಕಟ್ಟಿದ ನೆಲುವಿನಲ್ಲಿ. ಹಾಸಿಗೆ ಬೆಳಿಗ್ಗೆ ಸುತ್ತಿ ಎತ್ತಿಟ್ಟರೆ ಮಲಗುವ ಜಾಗವೇ ಹಗಲು ಪಡಸಾಲೆ. ಕಾಳು ಊರ ಹಗೇವಿನಲ್ಲೋ, ಮನೆಯ ಮೂಲೆಯ ಕಣಜದಲ್ಲೋ.

ಅಂದರೆ ಸಾಮಾನನ್ನು ಗೋಡೆ ಹೊತ್ತಿತ್ತು, ನೆಲ ಜನರಿಗೆ ಬಿಟ್ಟಿತ್ತು. ಈಗಿನ ಸಿಮೆಂಟ್ ಮನೆಯಲ್ಲಿ ಮಾಡ ಇಲ್ಲ, ಗೂಟ ಇಲ್ಲ, ನೆಲುವು ಇಲ್ಲ. ಆದರೆ ಗೋಡೆ ಇದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಕೋಣೆಗೆ ನೆಲ ಸಿಗುವುದು 100 ಚದರಡಿ. ಅದೇ ಕೋಣೆಯ ನಾಲ್ಕು ಗೋಡೆ, ಎತ್ತರ ಹತ್ತು ಅಡಿ ಹಿಡಿದರೆ, 400 ಚದರಡಿ. ಬಾಗಿಲು, ಕಿಟಕಿ ಬಿಟ್ಟರೂ ನೆಲದ ಮೂರು ಪಟ್ಟು ಉಳಿಯುತ್ತದೆ. ಬಹುತೇಕ ಮನೆಗಳಲ್ಲಿ ಆ ಗೋಡೆಯ ಮೇಲೆ ಒಂದು ಕ್ಯಾಲೆಂಡರ್, ಒಂದು ಗಡಿಯಾರ, ಅಷ್ಟೇ.

ಮೊದಲ ದಿನ: ತೆಗೆಯೋದು

ಒಂದು ಸಲಕ್ಕೆ ಒಂದೇ ಮೂಲೆ ಹಿಡಿಯುವುದು ಒಳ್ಳೆಯದು. ಇಡೀ ಮನೆ ಒಮ್ಮೆಗೇ ಹರವಿದರೆ ಸಂಜೆ ಹೊತ್ತಿಗೆ ಸಾಕಾಗಿ ಎಲ್ಲ ಮತ್ತೆ ತುರುಕುವ ಹಾಗಾಗುತ್ತದೆ. ಹಿಡಿದ ಮೂಲೆಯ ಸಾಮಾನು ಹೊರಗೆ ತೆಗೆದು ನಾಲ್ಕು ಗುಂಪು ಮಾಡಿ: ದಿನಾ ಬೇಕಾಗುವುದು, ವಾರಕ್ಕೋ ತಿಂಗಳಿಗೋ ಬೇಕಾಗುವುದು, ವರ್ಷಕ್ಕೊಮ್ಮೆ ಹಬ್ಬಕ್ಕೋ ಮದುವೆಗೋ ಬೇಕಾಗುವುದು, ಬೇಡವಾದದ್ದು.

ದಿನಾ ಬೇಕಾಗುವುದು ಸೊಂಟದಿಂದ ಕಣ್ಣಿನ ಎತ್ತರದೊಳಗೆ ಇರಲಿ. ತಿಂಗಳಿಗೊಮ್ಮೆ ಬೇಕಾಗುವುದು ಅದಕ್ಕಿಂತ ಮೇಲೆ. ವರ್ಷಕ್ಕೊಮ್ಮೆಯದು ಅಟ್ಟಕ್ಕೆ. ಭಾರದ್ದು ಯಾವಾಗಲೂ ಕೆಳಗೆ. ಹಿತ್ತಾಳೆ ಹಂಡೆ ಅಟ್ಟದ ತುದಿಯಲ್ಲಿಟ್ಟು, ಅದನ್ನು ತೆಗೆಯಲು ಸ್ಟೂಲ್ ಏರಿದ ಹಿರಿಯರು ಬಿದ್ದು ಕಾಲು ಮುರಿದುಕೊಂಡರೆ ಉಳಿಸಿದ ಜಾಗದ ಲಾಭ ಆಸ್ಪತ್ರೆಗೆ ಹೋಗುತ್ತದೆ.

ಬೇಡವಾದದ್ದನ್ನು ‘ಇರ್ಲಿ, ಎಂದರ ಬೇಕಾಗ್ತೈತಿ’ ಎಂದು ಮತ್ತೆ ಒಳಗಿಡುವುದು ಎಲ್ಲರ ಮನೆ ಕಥೆ. ಇದಕ್ಕೊಂದು ಸುಲಭ ಉಪಾಯ ಇದೆ. ಅನುಮಾನ ಇರುವ ಸಾಮಾನನ್ನು ಒಂದು ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮೇಲೆ ತಾರೀಖು ಬರೆದಿಡಿ. ಮುಂದಿನ ಮಹಾನವಮಿವರೆಗೂ ಆ ಗಂಟು ಬಿಚ್ಚುವ ಪ್ರಸಂಗ ಬರಲಿಲ್ಲ ಎಂದರೆ ಒಳಗಿನದು ಬೇಡ ಎಂದೇ ಅರ್ಥ. ಕಬ್ಬಿಣ, ರದ್ದಿ, ಬಾಟಲಿ ಗುಜರಿಗೆ ಹೋಗಲಿ. ಹಳೇ ಚಾರ್ಜರ್, ಕೆಟ್ಟ ಬಲ್ಬು, ಉಬ್ಬಿದ ಮೊಬೈಲ್ ಬ್ಯಾಟರಿ ಮನೆ ಕಸದಲ್ಲಿ ಬೆರೆಸದೆ ಬೇರೆಯಾಗಿಯೇ ಕೊಡಬೇಕು. ಉಬ್ಬಿದ ಬ್ಯಾಟರಿಯನ್ನು ಡಬ್ಬಿಯಲ್ಲಿ ಒತ್ತಿ ತುಂಬಿದರೆ ಬೆಂಕಿ ಹತ್ತುವ ಅಪಾಯ ಇದೆ.

ನೀರಿನ ಮೂಲಿ

ಅವಳಿ ನಗರಕ್ಕೆ ನೀರು ಬರುವುದು ಮುಖ್ಯವಾಗಿ ಮಲಪ್ರಭಾ ನದಿಯ ರೇಣುಕಾಸಾಗರದಿಂದ. ಕಲಘಟಗಿ ತಾಲ್ಲೂಕಿನ ನೀರಸಾಗರ ಕೆರೆ ಹಳೆಯ ಆಸರೆ. 2008ರಲ್ಲಿ ಕೆಲವು ವಾರ್ಡುಗಳಲ್ಲಿ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಉಳಿದ ಕಡೆ ಜನ ಇವತ್ತಿಗೂ ನೀರು ಬರುವ ದಿನ ಎಣಿಸುತ್ತಲೇ ಇದ್ದಾರೆ. ಹಾಗಾಗಿ ಇಲ್ಲಿನ ಮನೆ ಜೋಡಣೆಯಲ್ಲಿ ಮೊದಲು ಜಾಗ ಹಿಡಿಯುವುದು ಸೋಫಾ ಅಲ್ಲ, ಡ್ರಮ್ಮು.

ಡ್ರಮ್ಮಿನ ಲೆಕ್ಕ ಮೊದಲು ಭಾರದ ಲೆಕ್ಕ. ಒಂದು ಲೀಟರ್ ನೀರು ಒಂದು ಕಿಲೋ. 200 ಲೀಟರಿನ ಡ್ರಮ್ಮು ತುಂಬಿದರೆ 200 ಕಿಲೋ, ಅಂದರೆ ಎರಡು ಕ್ವಿಂಟಲ್ ಜೋಳದ ಭಾರ ಎರಡು-ಮೂರು ಚದರಡಿ ಜಾಗದ ಮೇಲೆ. ಅದನ್ನು ಅಟ್ಟದ ಮೇಲೆ, ಹಳೇ ಮಾಳಿಗೆಯ ನಡುವೆ, ಕಟ್ಟಿಗೆ ಹಲಗೆಯ ಮೇಲೆ ಇಡಬಾರದು. ನೆಲದ ಮೇಲೆ, ಬಚ್ಚಲ ಹತ್ತಿರ, ಚೆಲ್ಲಿದ ನೀರು ತಾನಾಗಿ ಹರಿದು ಹೋಗುವ ಕಡೆ ಇರಲಿ. ಗೋಡೆಗೆ ತಾಗಿಸದೆ ಕೈ ಹೋಗುವಷ್ಟು ಸಂದು ಬಿಟ್ಟರೆ ಹಿಂದೆ ಒರೆಸಬಹುದು, ಗೋಡೆಯೂ ಹಸಿಯಾಗದು.

ಎರಡನೆಯದು ಸೊಳ್ಳೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಗಟಾರದ ಕೊಳೆ ಬೇಕಿಲ್ಲ, ಮನೆಯ ತಿಳಿನೀರೇ ಸಾಕು. ನಮ್ಮ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಹಿಡಿಯುತ್ತದೆ. ಅದಕ್ಕೇ ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು. ಬರೀ ಖಾಲಿ ಮಾಡಿದರೆ ಸಾಲದು. ಈ ಸೊಳ್ಳೆ ಮೊಟ್ಟೆಯನ್ನು ನೀರಿನ ಅಂಚಿಗೆ, ಡ್ರಮ್ಮಿನ ಒಳಗೋಡೆಗೆ ಅಂಟಿಸುತ್ತದೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ತಾಗಿದ ಕೂಡಲೇ ಒಡೆಯುತ್ತದೆ. ಹಾಗಾಗಿ ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು. ಮುಚ್ಚಳ ಇಲ್ಲದ ಡ್ರಮ್ಮಿಗೆ ಹಳೇ ಹತ್ತಿ ಸೀರೆಯನ್ನು ಎರಡು ಮಡಿಕೆ ಮಾಡಿ, ಸುತ್ತ ಎಲಾಸ್ಟಿಕ್ ಹೊಲಿದು ಟೊಪ್ಪಿಗೆಯ ಹಾಗೆ ಹಾಕಬಹುದು. ಸಿಂಗಾರಕ್ಕೆಂದು ಬಾಟಲಿ ನೀರಿನಲ್ಲಿ ಮನಿ ಪ್ಲಾಂಟ್ ಬೆಳೆಸುವವರಿಗೂ, ಕುಂಡದ ಕೆಳಗೆ ತಟ್ಟೆ ಇಡುವವರಿಗೂ ಇದೇ ನಿಯಮ: ವಾರಕ್ಕೊಮ್ಮೆ ನೀರು ಬದಲಿಸಬೇಕು. ಇಲ್ಲದಿದ್ದರೆ ಬಳ್ಳಿಗೆ ಮಣ್ಣೇ ವಾಸಿ.

ಮೂರನೆಯದು ಕುಡಿಯುವ ನೀರು. ಸಂಶೋಧಕರು ಹುಬ್ಬಳ್ಳಿ-ಧಾರವಾಡದಲ್ಲೇ ನೀರಿನ ಮಾದರಿ ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಕಂಡುಬಂತು. ನಲ್ಲಿಯಲ್ಲಿ ಚೊಕ್ಕಟವಾಗಿ ಬಂದ ನೀರು ಕೂಡ ಮನೆಯಲ್ಲಿ ಹಿಡಿದಿಟ್ಟ ಮೇಲೆ ಕೆಡುತ್ತದೆ. ಕೈ ಅದ್ದುವುದು, ತಂಬಿಗೆ ಮುಳುಗಿಸುವುದು ಇದಕ್ಕೆ ದಾರಿ. ಕುಡಿಯುವ ನೀರಿಗೆ ಕೆಳಗೆ ನಲ್ಲಿ ಇರುವ ಪಾತ್ರೆ, ಅದನ್ನು ಸೊಂಟದ ಎತ್ತರದ ಕಟ್ಟೆಯ ಮೇಲೆ ಇಟ್ಟರೆ ಮಕ್ಕಳ ಕೈ ಒಳಗೆ ಹೋಗದು. ಹಳೇ ಕೊಡವೇ ಇರಲಿ ಎನ್ನುವವರು ಉದ್ದ ಹಿಡಿಕೆಯ ಸೌಟು ಪಕ್ಕದ ಗೂಟಕ್ಕೆ ತೂಗುಹಾಕಲಿ. ಈ ಒಂದು ಗೂಟ ಮನೆಯ ಯಾವ ಅಲಂಕಾರಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ.

ಅಡಗಿಮನಿ: ಸಿಲಿಂಡರ್ ಮತ್ತು ಜೋಳ

ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದ ಮೇಲೆ ಹರಡುತ್ತದೆ. ಚೆಂದ ಕಾಣಲಿ ಎಂದು ಸಿಲಿಂಡರ್ ಅನ್ನು ಗಾಳಿ ಆಡದ ಪೆಟ್ಟಿಗೆಯಲ್ಲಿ, ಕಟ್ಟೆ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ಇಡುವುದು ಅಪಾಯ. ಕಪಾಟು ಮಾಡಿಸಿದ್ದರೆ ಅದರ ಬಾಗಿಲಿನ ಕೆಳಭಾಗದಲ್ಲಿ ಗಾಳಿಗೆ ತೂತು ಇರಲೇಬೇಕು. ಸಿಲಿಂಡರ್ ನಿಂತೇ ಇರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ತುಂಬಿದ ಸಿಲಿಂಡರ್ ಸುಮಾರು 30 ಕಿಲೋ. ಅದರಲ್ಲಿ ಗ್ಯಾಸ್ 14.2 ಕಿಲೋ. ರಬ್ಬರ್ ಪೈಪಿನ ಮೇಲೆ ಮುದ್ರಿಸಿದ ತಾರೀಖು ನೋಡಿ ಐದು ವರ್ಷದೊಳಗೆ ಬದಲಿಸಿ. ಬಿರುಕು ಕಂಡರೆ ಕಾಯಬೇಡಿ. ಒಲೆಯ ಹಿಂದಿನ ಕಿಟಕಿಗೆ ಬಟ್ಟೆಯ ಪರದೆ ಬೇಡ. ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆಗೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು.

ಜೋಳ, ಗೋದಿ, ಅಕ್ಕಿ ವರ್ಷಕ್ಕಾಗುವಷ್ಟು ತುಂಬಿಡುವ ಮನೆಗಳು ಇಲ್ಲಿ ಇನ್ನೂ ಸಾಕಷ್ಟಿವೆ. ಚೀಲವನ್ನು ನೇರ ನೆಲಕ್ಕಿಟ್ಟರೆ ಫರಸಿ ಕಲ್ಲಿನ ತಂಪು ಕೆಳಗಿನ ಕಾಳಿಗೆ ಹತ್ತಿ ಬೂಸು ಹಿಡಿಯುತ್ತದೆ. ಎರಡು ಇಟ್ಟಿಗೆ, ಮೇಲೊಂದು ಹಲಗೆ. ಗೋಡೆಯಿಂದ ಒಂದು ಗೇಣು ದೂರ. ಇಷ್ಟು ಮಾಡಿದರೆ ಕೆಳಗೆ ಗಾಳಿ ಆಡುತ್ತದೆ, ಇಲಿ ಬಂದರೂ ಕಾಣುತ್ತದೆ. ಕಾಳನ್ನು ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಬಿಸಿ ಇರುವಾಗಲೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೆ ಬೆವರು ಕಟ್ಟಿ ಹುಳು ಬೀಳುತ್ತದೆ. ನಡುನಡುವೆ ಒಣಗಿದ ಬೇವಿನ ಎಲೆ, ಬೇಳೆಗೆ ಒಂದಿಷ್ಟು ಔಡಲೆಣ್ಣೆ ಸವರುವುದು ಹಿರಿಯರ ರೂಢಿ, ಈಗಲೂ ಕೆಲಸಕ್ಕೆ ಬರುತ್ತದೆ.

ಡಬ್ಬಿಗಳಿಗೆ ಒಂದೇ ನಿಯಮ: ‘ಹಳೇದು ಮುಂದ, ಹೊಸಾದು ಹಿಂದ.’ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಖಾರದ ಪುಡಿ ಇವಕ್ಕೆ ಒಳಗಿನದು ಕಾಣುವ ಬಾಟಲಿ ಇದ್ದರೆ ಎರಡೆರಡು ಸಲ ಮಾಡುವುದು ತಪ್ಪುತ್ತದೆ. ಮಕ್ಕಳ ನೋಟ್‌ಬುಕ್ಕಿನ ಲೇಬಲ್ ಮೇಲೆ ಹೆಸರು, ತಿಂಗಳು ಬರೆದು ಅಂಟಿಸಿ. ಕಡಕ್ ರೊಟ್ಟಿಗೆ ಬಿದಿರಿನ ಬುಟ್ಟಿ, ಮೇಲೊಂದು ಬಟ್ಟೆ. ಬುಟ್ಟಿಯನ್ನು ಗೂಟಕ್ಕೆ ತೂಗಿದರೆ ಕಟ್ಟೆ ಖಾಲಿ. ಸೌಟು, ಜಾಲರಿ, ತವೆಗಳಿಗೆ ಗೋಡೆ ಮೇಲೊಂದು ಸ್ಟೀಲ್ ಪೈಪು, ಅದಕ್ಕೆ ಕೊಕ್ಕೆಗಳು. ಕಡಪಾ ಕಲ್ಲಿನ ಹಲಗೆ ಇರುವ ಮನೆಗಳಲ್ಲಿ ಎರಡು ಹಲಗೆಗಳ ನಡುವಿನ ಎತ್ತರ ಸುಮ್ಮನೆ ಪೋಲಾಗುತ್ತಿರುತ್ತದೆ. ಅಲ್ಲಿ ಮೇಲಿನ ಕಲ್ಲಿಗೆ ಕೆಳಗಿನಿಂದ ತೂಗುಬಿಡುವ ತಂತಿ ಬುಟ್ಟಿ ಸಿಕ್ಕಿಸಿದರೆ ಒಂದು ಹಲಗೆ ಎರಡಾಗುತ್ತದೆ.

ಬಾಡಗಿ ಮನಿ, ಎರಿ ಮಣ್ಣು, ಹಸಿ ಗೋಡಿ

ಗೋಡೆ ಬಳಸಿ ಎಂದ ಕೂಡಲೇ ಬಾಡಿಗೆದಾರರ ಪ್ರಶ್ನೆ: ಮಾಲೀಕರು ಮೊಳೆ ಹೊಡೆಯಲು ಬಿಡಬೇಕಲ್ಲ? ಮೊದಲೇ ಕೇಳಿ, ಎಲ್ಲೆಲ್ಲಿ ಎಂದು ತೋರಿಸಿ, ಮನೆ ಬಿಡುವಾಗ ತೂತು ಮುಚ್ಚಿಕೊಡುವ ಮಾತು ಆಡಿಕೊಂಡರೆ ಡಿಪಾಜಿಟ್ ತಕರಾರು ತಪ್ಪುತ್ತದೆ. ಮನೆಗೆ ಬಂದ ದಿನವೇ ಪ್ರತಿ ಗೋಡೆಯ ಫೋಟೋ ತೆಗೆದಿಟ್ಟುಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ಮೊಳೆ ಬೇಡವೇ ಬೇಡ ಎಂದರೂ ದಾರಿ ಇದೆ: ಬಾಗಿಲ ಮೇಲಂಚಿಗೆ ಸಿಕ್ಕಿಸುವ ಕೊಕ್ಕೆ, ಎರಡು ಗೋಡೆಯ ನಡುವೆ ತಿರುವಿ ಬಿಗಿ ಮಾಡುವ ರಾಡ್, ಗೋಡೆಗೆ ಒರಗಿಸಿದ ಬಿದಿರಿನ ಏಣಿ. ಏಣಿಯ ಒಂದೊಂದು ಮೆಟ್ಟಿಲಿಗೂ ಟವೆಲ್, ಚೀಲ, ನಾಳೆಯ ಬಟ್ಟೆ. ಸಣ್ಣ ಮಕ್ಕಳಿರುವ ಮನೆಯಲ್ಲಿ ಏಣಿಯನ್ನೂ ಎತ್ತರದ ಸ್ಟೀಲ್ ರ್‍ಯಾಕನ್ನೂ ಕಿಟಕಿ ಸರಳಿಗೆ ಕಟ್ಟಲೇಬೇಕು. ಮಗು ಹತ್ತಲು ಹೋದರೆ ಮಗುವಿನ ಮೇಲೇ ಬೀಳುತ್ತದೆ.

ಗೋಡೆಗೆ ತೂತು ಕೊರೆಯುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ, ಅದೇ ಮಟ್ಟದ ಅಕ್ಕಪಕ್ಕ ಕೊರೆಯಬೇಡಿ. ವೈರು ಹೆಚ್ಚಾಗಿ ಅಲ್ಲೇ ಹೋಗಿರುತ್ತದೆ. ಇನ್ನೊಂದು ನಮ್ಮ ಭಾಗದ್ದೇ ತೊಂದರೆ. ಎರೆ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಮನೆಗಳ ಗೋಡೆಯಲ್ಲಿ ಓರೆ ಬಿರುಕು ಕಾಣಿಸಿಕೊಳ್ಳುವುದು ಇದಕ್ಕೇ. ಬಿರುಕಿನ ಪಕ್ಕದಲ್ಲಿ ಭಾರದ ಹಲಗೆ ತೂಗುಹಾಕಬಾರದು. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆದಿಡಿ. ಗೆರೆ ದಾಟಿ ಬೆಳೆಯುತ್ತಿದ್ದರೆ ಬಣ್ಣ ಬಳಿದು ಮುಚ್ಚುವ ಬದಲು ಗೌಂಡಿಯನ್ನೋ ಇಂಜಿನಿಯರನ್ನೋ ಕರೆದು ತೋರಿಸಬೇಕು.

ಮಲೆನಾಡಿನ ಸೆರಗಿಗಿರುವ ಧಾರವಾಡದಲ್ಲಿ ಮಳೆಗಾಲದ ಥಂಡಿ ಹೆಚ್ಚು. ಗೋಡೆ ಹಸಿ ಇದ್ದರೆ ಅದು ಹೊರಗಿನಿಂದ ಇಳಿದ ನೀರೋ, ಒಳಗಿನ ಗಾಳಿಯ ತೇವವೋ ತಿಳಿಯಲು ಒಂದು ಪರೀಕ್ಷೆ ಇದೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಹಾಳೆಯ ಒಳಮೈ ಹಸಿಯಾದರೆ ನೀರು ಗೋಡೆಯಿಂದ ಬರುತ್ತಿದೆ. ಮಾಳಿಗೆಯೋ ಪೈಪೋ ರಿಪೇರಿ ಆಗಬೇಕು. ಕೋಣೆ ಕಡೆಯ ಮೈ ಹಸಿಯಾದರೆ ಗಾಳಿ ಸಾಲದು; ಕಿಟಕಿ ತೆರೆಯಿರಿ, ಒದ್ದೆ ಬಟ್ಟೆ ಒಳಗೆ ಹರವುವುದು ನಿಲ್ಲಿಸಿ, ಟ್ರೆಜರಿಯನ್ನು ಗೋಡೆಯಿಂದ ಮೂರು ಇಂಚು ಮುಂದೆ ಸರಿಸಿ. ಕಾರಣ ತಿಳಿಯದೆ ಹೊಸ ಬಣ್ಣ ಬಳಿದರೆ ಮುಂದಿನ ಮಳೆಗೆ ಅದು ಹಪ್ಪಳದಂತೆ ಏಳುತ್ತದೆ.

ಸಿಂಗಾರಕ್ಕ ದೂರ ಹೋಗೋದು ಬ್ಯಾಡ

ನೆಲ ಖಾಲಿಯಾದ ಮೇಲೆ ಸಿಂಗಾರದ ಮಾತು. ಇದಕ್ಕೆ ಬೇಕಾದದ್ದು ಬಹುತೇಕ ಟ್ರಂಕಿನಲ್ಲೇ ಇದೆ.

ಟ್ರಂಕೇ ಮೊದಲ ಪೀಠೋಪಕರಣ. ವರ್ಷಕ್ಕೊಮ್ಮೆ ಬೇಕಾಗುವ ಬಟ್ಟೆ, ಹೊದಿಕೆ ತುಂಬಿ, ಗೋಡೆ ಬದಿಗಿಟ್ಟು, ಮೇಲೆ ಮಡಚಿದ ಗಾದಿ ಹಾಕಿ, ಅದರ ಮೇಲೆ ಒಂದು ಕೌದಿ ಹೊದಿಸಿದರೆ ಬಂದವರಿಗೆ ಕೂರಲು ಜಾಗ. ಹಳೇ ಹತ್ತಿ ಸೀರೆಗಳನ್ನು ಪದರ ಪದರವಾಗಿ ಇಟ್ಟು, ಮೇಲೆ ಬಣ್ಣದ ತುಂಡು ಜೋಡಿಸಿ ದಾರ ಓಡಿಸಿದ ಕೌದಿಗೆ ಈಗ ಪೇಟೆಯಲ್ಲಿ ಬೆಲೆ ಬಂದಿದೆ. ಮನೆಯಲ್ಲಿ ಅಜ್ಜಿಯೋ ದೊಡ್ಡವ್ವನೋ ಹೊಲಿದದ್ದು ಮಂಚದ ಕೆಳಗೆ ಗಂಟು ಕಟ್ಟಿ ಬಿದ್ದಿರುತ್ತದೆ. ಅದೇ ಪಡಸಾಲೆಗೆ ಬಂದರೆ ಬೇರೆ ಬಣ್ಣ ಬೇಕಿಲ್ಲ.

ನೆಲಕ್ಕೆ ಜಮಖಾನ. ಇದೇ ಜಿಲ್ಲೆಯ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಹತ್ತಿ ನೂಲಿನಲ್ಲಿ ಹೆಣ್ಣುಮಕ್ಕಳು ಕೈಯಿಂದ ನೇಯುವ ಇದರ ನೇಕಾರರು ಈಗ ಬೆರಳೆಣಿಕೆಯಷ್ಟು. ಹೊಸದು ಕೊಳ್ಳುವುದೇ ಆದರೆ ಹೊರಗಿನ ಸಿಂಥೆಟಿಕ್ ಕಾರ್ಪೆಟ್‌ಗಿಂತ ಇದು ನಮ್ಮ ಹವೆಗೆ ಹೊಂದುತ್ತದೆ. ಕೊಡವಿ, ಬಿಸಿಲಿಗೆ ಹಾಕಿ, ಸುತ್ತಿ ಇಡಬಹುದು. ಥಂಡಿ ನೆಲದ ಮೇಲೆ ಮಳೆಗಾಲದಲ್ಲಿ ಹಾಸಿಯೇ ಬಿಡಬಾರದು, ಅಷ್ಟೇ.

ಗೋಡೆಗೆ ಕಸೂತಿ. ಹರಿದ ಇಳಕಲ್ ಸೀರೆಯ ಸೆರಗಿನಲ್ಲಿ ಕಸೂತಿ ಇನ್ನೂ ಗಟ್ಟಿ ಇದ್ದರೆ ಆ ಭಾಗವನ್ನು ಅಂಚು ಹೊಲಿದು ಫ್ರೇಮ್ ಹಾಕಿಸಬಹುದು. ಗೋಪುರ, ತೇರು, ತುಳಸಿ ವೃಂದಾವನ, ನವಿಲು ಎಲ್ಲ ಅಲ್ಲೇ ಇರುತ್ತವೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಮತ್ತು ಮುರಗಿ ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ. ಹಾಗಾಗಿ ಇವನ್ನು ಕಿಟಕಿ ಪರದೆಯ ಅಂಚಿಗೆ ಹಾಕಿದರೆ ಒಳಗಿನಿಂದಲೂ ಹೊರಗಿನಿಂದಲೂ ಚೆಂದ. ಫ್ರೇಮನ್ನು ನೇರ ಬಿಸಿಲು ಬೀಳದ ಗೋಡೆಗೆ ಹಾಕಿ, ಬಣ್ಣ ಮಾಸದು. ಉಡುವ ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಇಡದೆ ಹಳೇ ಧೋತರದ ಬಟ್ಟೆಯಲ್ಲಿ ಸುತ್ತಿಡಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಡಾಂಬರು ಗುಳಿಗೆ ಜರಿಗೆ ತಾಗಬಾರದು, ಮಕ್ಕಳ ಕೈಗೂ ಸಿಗಬಾರದು.

ಬಣ್ಣ ಹೊಡೆಸುವವರು ಸಣ್ಣ ಕೋಣೆಗೆ ತಿಳಿ ಬಣ್ಣ ಆರಿಸಿದರೆ ಬೆಳಕು ಹರಡುತ್ತದೆ. ಕಿಟಕಿ ಎದುರಿನ ಗೋಡೆಗೆ ಕನ್ನಡಿ ಹಾಕಿದರೆ ಹಗಲಿನ ಬೆಳಕು ದುಪ್ಪಟ್ಟಾದಂತೆ ಅನಿಸುತ್ತದೆ. ಹಳೇ 60 ವ್ಯಾಟಿನ ಬಲ್ಬಿನಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಇನ್ನು ಹೊಸ್ತಿಲಿಗೆ ಹುರಮಂಜು, ಮುಂದೊಂದು ರಂಗೋಲಿ. ಇದಕ್ಕೆ ಯಾರ ಸಲಹೆಯೂ ಬೇಕಿಲ್ಲ.

ವೈರಿನ ಗಂಟು ಬಿಚ್ಚಿ

ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಟಿವಿ, ಮಿಕ್ಸರ್, ಇಸ್ತ್ರಿ, ಮೊಬೈಲ್ ಎಲ್ಲ ಸಿಕ್ಕಿಸಿ ಅದನ್ನು ಮಂಚದ ಕೆಳಗೆ ದೂಡುವುದು ಸಾಮಾನ್ಯ. ಸಾದಾ 6 ಆಂಪಿಯರಿನ ಸಾಕೆಟ್ ತಡೆಯುವುದು ಸುಮಾರು 1,380 ವ್ಯಾಟ್. ಇಸ್ತ್ರಿ ಪೆಟ್ಟಿಗೆ ಒಂದೇ 1,000 ವ್ಯಾಟ್ ಎಳೆಯುತ್ತದೆ. ಇಂಡಕ್ಷನ್ ಒಲೆ 2,000 ವ್ಯಾಟಿನವರೆಗೂ ಹೋಗುತ್ತದೆ, ಅದಕ್ಕೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ಟೇ ಬೇಕು. ಬಾಕ್ಸನ್ನು ನೆಲದಿಂದ ಎತ್ತಿ ಗೋಡೆಗೆ ಕೂರಿಸಿ. ಡ್ರಮ್ಮಿನ ಪಕ್ಕದ ಗೋಡೆಗಂತೂ ಬೇಡ. ಬಿಸಿಯಾಗುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಅದೇ ದಿನ ಬದಲಿಸಿ.

ಧಾರವಾಡದ ಸಪ್ತಾಪುರದಂಥ ಕಡೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದು ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಜನ ಇರುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ನೀರು ಕಾಯಿಸುವ ರಾಡ್, ಕೆಟಲ್, ಲ್ಯಾಪ್‌ಟಾಪ್ ಒಂದೇ ಬೋರ್ಡಿಗೆ ಬೀಳುತ್ತವೆ. ಇಂಥ ಕೋಣೆಯಲ್ಲಿ ಒಬ್ಬೊಬ್ಬರಿಗೆ ಒಂದು ಗೋಡೆ ಎಂದು ಹಂಚಿಕೊಳ್ಳುವುದು ಜಗಳ ತಪ್ಪಿಸುವ ಉಪಾಯ. ಅವರವರ ಪುಸ್ತಕ, ಬಟ್ಟೆ, ಕೊಕ್ಕೆ ಅವರವರ ಗೋಡೆಗೆ; ನಡುವಿನ ನೆಲ ಎಲ್ಲರಿಗೂ.

ಅಂಗಡಿ ಹಿಂದಿನ ಖೋಲಿಗೂ ಇದ ಲೆಕ್ಕ

ಮುಂದೆ ಅಂಗಡಿ, ಹಿಂದೆ ಮನೆ. ಇಂಥವು ತಾಲ್ಲೂಕಿನ ತುಂಬ ಇವೆ. ಕಿರಾಣಿ ಅಂಗಡಿಯಲ್ಲಿ ‘ಓಡೋ ಸಾಮಾನು’ ಸೊಂಟದಿಂದ ಕಣ್ಣಿನ ಎತ್ತರದೊಳಗೆ, ಎಣ್ಣೆ ಡಬ್ಬಿ, ಸಕ್ಕರೆ ಚೀಲದಂಥ ಭಾರದ್ದು ಕೆಳಗೆ ಹಲಗೆ ಮೇಲೆ, ನಿಧಾನಕ್ಕೆ ಹೋಗುವುದು ಮೇಲೆ. ರಟ್ಟಿನ ಡಬ್ಬಿ ನೇರ ನೆಲಕ್ಕಿಟ್ಟರೆ ಒಂದು ಮಳೆಗೆ ಅಡಿ ಕೊಳೆತು ಮಾಲು ನಷ್ಟ. ಫಿನೈಲ್, ಆ್ಯಸಿಡ್, ಕೀಟನಾಶಕವನ್ನು ತಿನ್ನುವ ಸಾಮಾನಿನಿಂದ ಬೇರೆ ಹಲಗೆಗೆ, ಅದೂ ಕೆಳಗಿನ ಹಲಗೆಗೆ. ಮೇಲಿಟ್ಟರೆ ಸೋರಿದ್ದು ಕೆಳಗಿನ ಅಕ್ಕಿಗೆ ಬೀಳುತ್ತದೆ. ಹೊಸ ಮಾಲು ಬಂದ ದಿನ ಹಳೆಯದನ್ನು ಮುಂದಕ್ಕೆ ಎಳೆಯುವ ರೂಢಿ ಇದ್ದರೆ ತಾರೀಖು ಮುಗಿದ ಪಾಕೀಟು ಗಿರಾಕಿ ಕೈಗೆ ಹೋಗದು. ಹಿಂದಿನ ಬಾಗಿಲಿಗೆ ಹೋಗುವ ದಾರಿ ಎರಡೂವರೆ ಅಡಿಯಾದರೂ ಸದಾ ಖಾಲಿ ಇರಬೇಕು. ಬೆಂಕಿ ಬಿದ್ದಾಗ ಶಟರ್ ಕಡೆ ಹೋಗಲಾಗದಿದ್ದರೆ ಉಳಿಯುವುದು ಅದೊಂದೇ ದಾರಿ.

ಶುರು ಮಾಡೋದು ಯಾವಾಗ?

ಎಲ್ಲ ಒಂದೇ ವಾರದಲ್ಲಿ ಆಗಬೇಕಿಲ್ಲ. ಒಂದು ಭಾನುವಾರ ಅಡುಗೆ ಮನೆ, ಇನ್ನೊಂದು ಭಾನುವಾರ ಪಡಸಾಲೆ, ಮೂರನೆಯದಕ್ಕೆ ಬಟ್ಟೆ. ಎರಡು ತಿಂಗಳು ಹೀಗೇ ನಡೆದ ಮೇಲೆ ಏನು ಸಾಲದು ಎಂದು ನೋಡಿ, ಟೇಪಿನಿಂದ ಅಳೆದು, ಅಷ್ಟಕ್ಕೇ ಪೇಟೆಗೆ ಹೋಗಿ. ಜೋಡಿಸಿದ್ದು ಉಳಿಯಬೇಕಾದರೆ ಮನೆಯ ಎಲ್ಲರಿಗೂ ಗೊತ್ತಿರಬೇಕು. ಕತ್ತರಿ ಎಲ್ಲಿದೆ ಎಂದು ಅವ್ವನೊಬ್ಬಳನ್ನೇ ಕೇಳುವ ಮನೆಯಲ್ಲಿ ಯಾವ ಜೋಡಣೆಯೂ ತಿಂಗಳು ಬಾಳದು. ಮಕ್ಕಳ ಕೈಗೆ ಸಿಗುವ ಎತ್ತರದಲ್ಲಿ ಅವರ ಚೀಲಕ್ಕೊಂದು ಗೂಟ, ಯಜಮಾನರ ಹೆಲ್ಮೆಟ್ಟಿಗೆ ಬಾಗಿಲ ಹಿಂದೊಂದು ಕೊಕ್ಕೆ, ಬೀಗದ ಕೈಗೆ ಒಂದೇ ಜಾಗ. ರಾತ್ರಿ ಮಲಗುವ ಮುನ್ನ ನೆಲದ ಮೇಲೆ ಉಳಿದದ್ದನ್ನು ಎಲ್ಲರೂ ಸೇರಿ ಎತ್ತಿದರೆ ಹತ್ತು ನಿಮಿಷದ ಕೆಲಸ.

ಮೊದಲ ಮೂಲೆ ಯಾವುದು ಎಂದು ಯೋಚಿಸುವವರಿಗೆ ಉತ್ತರ ಸರಳ. ನೀರು ಬರುವ ಹಿಂದಿನ ದಿನ ಡ್ರಮ್ಮು ತಳ ಕಂಡಿರುತ್ತದೆ, ಎತ್ತಲು ಹಗುರ. ಅವತ್ತೇ ಅದನ್ನು ತಿಕ್ಕಿ ತೊಳೆದು, ಗೋಡೆಯಿಂದ ಒಂದು ಗೇಣು ಮುಂದೆ ಸರಿಸಿ, ಮುಚ್ಚಳ ಹಾಕಿ.